ಹಕ್ಕಿಗಳ ಲೆಕ್ಕವಿಟ್ಟ ಮಹನೀಯರು: ಡಾ. ಸಲೀಂ ಅಲಿ

ನವೆಂಬರ್ ಒಂದರಂದು ನಾವೆಲ್ಲರೂ ಕೂಡಿ ರಾಜ್ಯೋತ್ಸವವನ್ನು ಆಚರಿಸುತ್ತೇವೆ. ಅದಾದ ಹನ್ನೊಂದು ದಿನಗಳಿಗೆ, ಎಂದರೆ ನವೆಂಬರ್ 12ರಂದು, ನಮ್ಮ ದೇಶದ ಹಕ್ಕಿಗಳ ಪರಮಮಿತ್ರರೊಬ್ಬರ ಜನ್ಮದಿನವು ಬರುತ್ತದೆ. ಅವರು ಕನ್ನಡಿಗರಲ್ಲ, ಹೈದರಾಬಾದಿನವರೂ ಅಲ್ಲ. ಆದರೂ ನಾವು ಬಿಟ್ಟುಬಂದ ನಾಡಿನಲ್ಲಿಯೂ ನಾವು ಬಂದು ನೆಲೆಸಿದ ಈ ನಾಡಿನಲ್ಲಿಯೂ ಸುತ್ತಾಡಿ, ಎರಡು ಕಡೆಯ ಹಕ್ಕಿಗಳಿಗೂ ಲೆಕ್ಕವಿಟ್ಟವರು ಅವರು. ಆ ಮಹನೀಯರೇ ಡಾ. ಸಲೀಂ ಅಲಿಯವರು.

ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಗಿರಿ ಮಾಡುವವರು, ಪ್ರಾಣಿಶಾಸ್ತ್ರವನ್ನು ಬಲ್ಲವರಲ್ಲ. ಹೀಗಿರುವಾಗ ಇವರ ಕಥೆಯನ್ನು ಬರೆಯಲು ಹೊರಟಿದ್ದಕ್ಕೆ ಒಂದು ಸಣ್ಣ ಕಾರಣವುಂಟು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಬಂದು ಕುಳಿತ ಪುಟ್ಟ ಹಕ್ಕಿಯನ್ನು ನಮ್ಮ ಮನೆಯ ಮಗುವು ಪಿಚ್ಚುಕ ಎಂದು ಕರೆಯಿತು. ಇನ್ನೊಮ್ಮೆ ಕೇಳಿದಾಗ ಚಿಡಿಯಾ ಎಂದಿತು. ಎರಡೂ ಒಳ್ಳೆಯ ಮಾತುಗಳೇ. ಶಾಲೆಯಲ್ಲಿಯೂ ಬೀದಿಯಲ್ಲಿಯೂ ಕಲಿತದ್ದು. ಆದರೆ ಗುಬ್ಬಿ ಎಂಬ ಮಾತು ಅದರ ಬಾಯಿಗೆ ಬರಲಿಲ್ಲ. ತಪ್ಪು ಮಗುವಿನದಲ್ಲ, ಆ ಹಕ್ಕಿಯನ್ನು ತೋರಿಸಿ ಆ ಹೆಸರನ್ನು ಹೇಳದೆ ಹೋದ ನಮ್ಮದು. ಅಂದು ಸಲೀಂ ಅಲಿಯವರ ನೆನಪಾಯಿತು. ಏಕೆಂದರೆ ಅವರ ಬಾಳು ತಿರುಗಿದ್ದೂ ಒಂದು ಗುಬ್ಬಿಯ ಹೆಸರನ್ನು ಹುಡುಕಿಕೊಂಡು ಹೋದುದರಿಂದಲೇ.

ಸಲೀಂ ಅಲಿಯವರು 1896ರಲ್ಲಿ ಮುಂಬಯಿಯಲ್ಲಿ, ಬಹು ಮಕ್ಕಳ ಒಂದು ಮುಸಲ್ಮಾನ ಮನೆತನದಲ್ಲಿ ಕೊನೆಯ ಮಗನಾಗಿ ಹುಟ್ಟಿದರು. ಒಂದು ವರ್ಷ ತುಂಬುವ ಹೊತ್ತಿಗೆ ತಂದೆಯನ್ನೂ, ಮೂರು ವರ್ಷವಾಗುವಾಗ ತಾಯಿಯನ್ನೂ ಕಳೆದುಕೊಂಡರು. ತಬ್ಬಲಿ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಂ ಅವರೂ ಖೇತವಾಡಿಯ ತಮ್ಮ ಮನೆಯಲ್ಲಿ ಅಕ್ಕರೆಯಿಂದ ಸಾಕಿದರು. ಮಾವನವರಿಗೆ ಬೇಟೆಯ ಹವ್ಯಾಸವಿದ್ದಿತು. ಹುಡುಗನಿಗೂ ಒಂದು ಗಾಳಿಬಂದೂಕು ದೊರೆಯಿತು.

ಸುಮಾರು ಹತ್ತು ವರ್ಷದ ಹುಡುಗನು ಒಂದು ದಿನ ಆ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದನು. ಕೈಗೆತ್ತಿಕೊಂಡು ನೋಡುತ್ತಾನೆ, ಅದರ ಕೊರಳಿನಲ್ಲಿ ಹಳದಿಯ ಮಚ್ಚೆ! ಮನೆಯ ಸೂರಿನಲ್ಲಿ ಗೂಡುಕಟ್ಟುವ ಗುಬ್ಬಿಗೆ ಇಂತಹ ಮಚ್ಚೆಯಿಲ್ಲ. ಮಾವನನ್ನು ಕೇಳಿದನು. ಮಾವನಿಗೂ ತಿಳಿಯಲಿಲ್ಲ. ತಿಳಿಯದುದನ್ನು ತಿಳಿದಂತೆ ನಟಿಸದೆ ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. 1883ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ಆಗ ಮಿಲ್ಲರ್ಡ್ ಎಂಬ ಆಂಗ್ಲರು ಕಾರ್ಯದರ್ಶಿಗಳಾಗಿದ್ದರು. ಅಂಜುತ್ತ ಒಳಹೊಕ್ಕ ಹುಡುಗನನ್ನು ಆ ದೊಡ್ಡ ಮನುಷ್ಯರು ಗದರಿಸಿ ಕಳುಹಿಸಬಹುದಾಗಿದ್ದಿತು. ಹಾಗೆ ಮಾಡದೆ, ಅದು ಹಳದಿ ಕೊರಳಿನ ಗುಬ್ಬಿಯೆಂದು ತಿಳಿಸಿ, ಹತ್ತಿ ತುಂಬಿ ಜೋಪಾನವಾಗಿಟ್ಟಿದ್ದ ಹಕ್ಕಿಗಳ ಸಾಲುಸಾಲು ಪೆಟ್ಟಿಗೆಗಳನ್ನು ತೆರೆದು ತೋರಿಸಿ, ಓದಲು ಪುಸ್ತಕಗಳನ್ನೂ ಕೊಟ್ಟರು. ಹಿರಿಯರಿಬ್ಬರು ಒಂದು ಮಗುವಿನ ಪ್ರಶ್ನೆಯನ್ನು ತಳ್ಳಿಹಾಕದಿದ್ದುದರ ಫಲವನ್ನು ಇಡೀ ದೇಶವು ಉಂಡಿತು.

ಈ ಹುಡುಗನು ಶಾಲೆಯಲ್ಲಿ ಬುದ್ಧಿವಂತನೆನಿಸಿಕೊಂಡಿರಬೇಕು ಎಂದು ಕಿರಿಯ ಓದುಗರು ಭಾವಿಸಬಾರದು. ಆರೋಗ್ಯವೂ ನೆಟ್ಟಗಿರಲಿಲ್ಲ, 1913ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಹೇಗೋ ದಾಟಿದ್ದಾಯಿತು. ಕಾಲೇಜು ಹಿಡಿಸದೆ ಬರ್ಮಾ ದೇಶದ ತವಾಯ್ ಎಂಬಲ್ಲಿಗೆ, ಮನೆಯವರ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೋದರು. ಅಲ್ಲಿಯ ಕಾಡಿನಲ್ಲಿ ಹಕ್ಕಿಗಳು ಸಿಕ್ಕವೇ ಹೊರತು ಲಾಭ ಸಿಕ್ಕಲಿಲ್ಲ. 1917ರಲ್ಲಿ ಮುಂಬಯಿಗೆ ಹಿಂದಿರುಗಿ ದಾವರ್ ವಾಣಿಜ್ಯ ಕಾಲೇಜಿನಲ್ಲಿ ವ್ಯಾಪಾರದ ಕಾನೂನನ್ನೂ ಲೆಕ್ಕಪತ್ರವನ್ನೂ ಕಲಿಯತೊಡಗಿದರು. ನಮ್ಮಂತಹ ಲೆಕ್ಕದ ಪುಸ್ತಕದವರಿಗೆ ಈ ಸಂಗತಿಯು ಸ್ವಲ್ಪ ಹೆಮ್ಮೆಯನ್ನುಂಟುಮಾಡುತ್ತದೆ! ಅದೇ ಕಾಲದಲ್ಲಿ ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಅವರು ಇವರ ಒಲವನ್ನು ಕಂಡು ಪ್ರಾಣಿಶಾಸ್ತ್ರದ ತರಗತಿಗೂ ಕರೆದುಕೊಂಡರು. 1918ರಲ್ಲಿ ತೆಹ್ಮಿನಾ ಬೇಗಂ ಅವರೊಡನೆ ವಿವಾಹವಾಯಿತು.

ಪದವಿಯಿಲ್ಲವೆಂಬ ಕಾರಣದಿಂದ ಸರ್ಕಾರದ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಯು ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಕೆಲಸ ದೊರೆಯಿತು. ಅದರಿಂದ ತೃಪ್ತರಾಗದೆ 1928ರಲ್ಲಿ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರೊಫೆಸರ್ ಸ್ಟ್ರೆಸೆಮಾನ್ ಅವರ ಬಳಿ ಪಕ್ಷಿಶಾಸ್ತ್ರವನ್ನು ಶಾಸ್ತ್ರೋಕ್ತವಾಗಿ ಕಲಿತರು. ಕಲಿತು 1930ರಲ್ಲಿ ಮರಳಿ ಬಂದು ನೋಡಿದರೆ, ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿದ್ದಿತು.

ವಯಸ್ಸು ಮೂವತ್ತನಾಲ್ಕು, ಕೈಯಲ್ಲಿ ವಿದ್ಯೆಯುಂಟು, ಕೆಲಸವಿಲ್ಲ. ಸಂಸಾರಸ್ಥರಾದ ನಮಗೆ ಆ ದಿನಗಳ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಪತಿಗಳು ಮುಂಬಯಿಗೆ ಸಮೀಪದ ಕಡಲತೀರದ ಕಿಹಿಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗನ ಹಕ್ಕಿಗಳು ಗೂಡುಕಟ್ಟುತ್ತಿದ್ದವು. ಕೆಲಸವಿಲ್ಲದ ಈ ಮನುಷ್ಯನು ದಿನವೂ ಕುಳಿತು ಅವುಗಳ ಕೆಲಸವನ್ನು ನೋಡಿ ಬರೆದಿಟ್ಟನು. ಗಂಡು ಗೀಜಗವು ಗೂಡನ್ನು ಅರ್ಧದಷ್ಟು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಉಳಿದ ಭಾಗವನ್ನು ಪೂರೈಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೆ ಗಂಡು ಮತ್ತೊಂದು ಗೂಡಿಗೆ ತೊಡಗಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಈಚಲುಮರಕ್ಕೂ ಬಾವಿಯ ಕಟ್ಟೆಯ ಕೊಂಬೆಗೂ ತೂಗುವ ಗೂಡುಗಳನ್ನು ನೋಡದವರಾರು? ಆದರೆ ಹೀಗೆ ಕುಳಿತು ಲೆಕ್ಕವಿಟ್ಟವರು ವಿರಳ. 1931ರಲ್ಲಿ ಅಚ್ಚಾದ ಆ ಬರಹವು ಅವರಿಗೆ ವಿದ್ವಾಂಸರ ನಡುವೆ ಹೆಸರನ್ನು ತಂದಿತು.

ಅನಂತರ ಅವರು ಒಂದು ಸಾಹಸಕ್ಕೆ ಕೈಹಾಕಿದರು. ದೇಶೀಯ ಸಂಸ್ಥಾನಗಳ ಹಕ್ಕಿಗಳ ಬಗ್ಗೆ ಆಗ ಸರಿಯಾದ ದಾಖಲೆಯಿರಲಿಲ್ಲ. ತಿರುಗಾಟದ ಮತ್ತು ಬಿಡಾರದ ವೆಚ್ಚವನ್ನಷ್ಟು ಕೊಟ್ಟರೆ ಸಾಕು, ಸಂಬಳವಿಲ್ಲದೆ ಈ ಸಮೀಕ್ಷೆಯನ್ನು ಮಾಡಿಕೊಡುವುದಾಗಿ ಅವರು ಮುಂದೆ ಬಂದರು. ಮೊದಲು ಒಪ್ಪಿದುದು ನಿಜಾಮರ ಹೈದರಾಬಾದ್ ಸಂಸ್ಥಾನ. 1931ರಲ್ಲಿ ಸಮೀಕ್ಷೆಯು ಮೊದಲಾಯಿತು. ನಮ್ಮ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅಂದು ಇದೇ ಸಂಸ್ಥಾನಕ್ಕೆ ಸೇರಿದ್ದುವೆಂಬುದು ನಮ್ಮ ಸಂಘದ ಹಿರಿಯರಿಗೆ ತಿಳಿದೇ ಇದೆ. ತೆಹ್ಮಿನಾ ಅವರು ಇಂಗ್ಲೆಂಡಿನಲ್ಲಿ ಓದಿದವರಾದರೂ ಕಾಡಿನ ಬಿಡಾರಗಳಲ್ಲಿ ಪತಿಯ ಜೊತೆಗಿದ್ದು ಸಹಕರಿಸಿದರು. ಮುಂದೆ ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ್ ಸಂಸ್ಥಾನಗಳ ಸರದಿ ಬಂದಿತು.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ತರುವಾಯ ತೆಹ್ಮಿನಾ ಅವರು ತೀರಿಕೊಂಡರು. ಇಪ್ಪತ್ತು ವರ್ಷಗಳ ಸಂಗಾತಿಯನ್ನು ಕಳೆದುಕೊಂಡ ಸಲೀಂ ಅಲಿಯವರಿಗೆ ತಂಗುವುದಕ್ಕೆ ಸೋದರಿಯ ಮನೆಯೂ ಮನಸ್ಸಿನ ಆಸರೆಗೆ ಹಕ್ಕಿಗಳ ಕೆಲಸವೂ ಉಳಿದುವು. ಅವರು ಮತ್ತೆ ವಿವಾಹವಾಗಲಿಲ್ಲ. ಆ ಸುಮಾರಿಗೇ ಮೈಸೂರು ಸಂಸ್ಥಾನದ ಸಮೀಕ್ಷೆಯು ನಡೆಯಿತು. ಶ್ರೀರಂಗಪಟ್ಟಣದ ಬಳಿ, 1648ರ ಸುಮಾರಿನಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟೆಯಿಂದಾದ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕ, ಚಮಚಕೊಕ್ಕುಗಳು ಗೂಡುಕಟ್ಟಿ ಮರಿಮಾಡುತ್ತಿದ್ದವು. ಅದನ್ನು ಕಂಡ ಅವರು ಈ ಸ್ಥಳವನ್ನು ಕಾಪಾಡಬೇಕೆಂದು ಮೈಸೂರಿನ ಒಡೆಯರಿಗೆ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ಊರಿಗೆ ಹೋದಾಗ ಮೈಸೂರಿನ ಅರಮನೆಯನ್ನು ನೋಡಿ ಬರುವ ನಾವು, ದೋಣಿಯಲ್ಲಿ ಕುಳಿತು ಈ ಅರಮನೆಯನ್ನೂ ನೋಡಿ ಬರಬೇಕು.

ಕನ್ನಡನಾಡಿನೊಡನೆ ಅವರಿಗೆ ಇನ್ನೊಂದು ನಂಟೂ ಉಂಟಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹತ್ತಿತು. ಇದನ್ನೇ ಮಂಗನ ಕಾಯಿಲೆಯೆನ್ನುತ್ತೇವೆ. ಇದರ ವಿಷಾಣುವು ರಷ್ಯಾದ ಒಂದು ಕಾಯಿಲೆಯ ವಿಷಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ಉಣ್ಣೆಗಳ ಮೂಲಕ ಅದನ್ನು ಹೊತ್ತು ತಂದಿರಬಹುದೇ ಎಂಬ ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರೂ ಅವರ ಸಂಗಡಿಗರೂ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯಿರುವ ಉಂಗುರವನ್ನು ತೊಡಿಸಿ ಬಿಡುವ ದೊಡ್ಡ ಕಾರ್ಯವನ್ನು ಕೈಗೊಂಡರು. ರೋಗವನ್ನು ತಂದವು ವಲಸೆ ಹಕ್ಕಿಗಳೆಂಬುದಕ್ಕೆ ಆಧಾರವು ದೊರೆಯಲಿಲ್ಲ; ಆದರೆ ಹಕ್ಕಿಗಳ ಹಾದಿಯ ವಿಚಾರವಾಗಿ ಬಹಳಷ್ಟು ತಿಳಿಯಿತು. ದೂರದಿಂದ ಬಂದವರ ಮೇಲೆ ಅನುಮಾನಪಡುವ ಮುನ್ನ ವಿಚಾರಮಾಡಬೇಕೆಂಬ ಪಾಠವನ್ನು ವಲಸೆ ಬಂದ ನಾವು ಬಹು ಬೇಗ ಗ್ರಹಿಸಬಲ್ಲೆವು.

1941ರಲ್ಲಿ ಸಾಮಾನ್ಯ ಜನರಿಗಾಗಿ ಬರೆದ ಭಾರತದ ಹಕ್ಕಿಗಳ ಪುಸ್ತಕವು ಮನೆಮಾತಾಯಿತು. ಅಮೆರಿಕದ ಡಿಲ್ಲನ್ ರಿಪ್ಲೆಯವರೊಡನೆ ಸೇರಿ ಬರೆದ ಹತ್ತು ಸಂಪುಟಗಳ ಮಹಾಗ್ರಂಥವು 1968ರಿಂದ 1974ರವರೆಗೆ ಹೊರಬಂದಿತು. ಆಗ ಅವರಿಗೆ ಎಪ್ಪತ್ತು ದಾಟಿದ್ದಿತು. ಭರತಪುರದ ಜೌಗುನೆಲವನ್ನೂ ಕೇರಳದ ಸೈಲೆಂಟ್ ವ್ಯಾಲಿಯ ಕಾಡನ್ನೂ ಉಳಿಸುವುದಕ್ಕೆ ಅವರು ದನಿಗೂಡಿಸಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಪದವಿಯಿಲ್ಲವೆಂದು ಒಮ್ಮೆ ಕೆಲಸ ಸಿಗದವರನ್ನು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟು ಮನ್ನಿಸಿದುವು. 1987ರ ಜೂನ್ 20ರಂದು, ತೊಂಬತ್ತರ ತುಂಬು ಬಾಳನ್ನು ಬಾಳಿ, ಮುಂಬಯಿಯಲ್ಲಿ ಅವರು ಕಣ್ಮುಚ್ಚಿದರು.

ಅವರು ಅಧ್ಯಯನಕ್ಕಾಗಿ ಅನೇಕ ಹಕ್ಕಿಗಳನ್ನು ಹೊಡೆದದ್ದೂ ಉಂಟು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಅಂದಿನ ಶಾಸ್ತ್ರಕ್ಕೆ ಬೇರೆ ದಾರಿಯಿರಲಿಲ್ಲ. ಬಂದೂಕಿನಿಂದ ಮೊದಲಾದ ಬಾಳು ಹಕ್ಕಿಗಳ ರಕ್ಷಣೆಯಲ್ಲಿ ಕೊನೆಗೊಂಡಿತೆಂಬುದೇ ಅವರ ಹಿರಿಮೆ. ಇಂದಿನ ಮಕ್ಕಳಿಗೆ ಬಂದೂಕು ಬೇಡ, ಕಣ್ಣು ಸಾಕು.

ಅವರು ತಿರುಗಾಡಿದ ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳ ಕನ್ನಡದ ಜಿಲ್ಲೆಗಳು 1956ರ ನವೆಂಬರ್ ಒಂದರಂದು ಒಂದೇ ರಾಜ್ಯವಾದುವು. ಹಕ್ಕಿಗಳಿಗಾದರೋ ಆ ಗಡಿಯು ಎಂದೂ ಇರಲಿಲ್ಲ. ಬಾಲಮಿತ್ರರೇ, ಈ ರಾಜ್ಯೋತ್ಸವಕ್ಕೆ ನಿಮ್ಮಲ್ಲಿ ನಮ್ಮದೊಂದು ಬೇಡಿಕೆಯಿದೆ. ಒಂದು ಹಳೆಯ ನೋಟುಪುಸ್ತಕದಲ್ಲಿ ನಾಲ್ಕು ಕಲಂ ಎಳೆಯಿರಿ: ತಾರೀಖು, ಸ್ಥಳ, ಹಕ್ಕಿಯ ಹೆಸರು, ಅದು ಮಾಡುತ್ತಿದ್ದ ಕೆಲಸ. ಹಿಮಾಯತ್ ಸಾಗರದ ದಂಡೆಯೋ ನಿಮ್ಮ ಮನೆಯ ಜಗಲಿಯೋ, ಎಲ್ಲಿಯಾದರೂ ಆದೀತು. ತೆಲುಗಿನ ಹೆಸರನ್ನು ಗೆಳೆಯರಿಂದ ಕೇಳಿ ಬರೆಯಿರಿ. ಕನ್ನಡದ ಹೆಸರನ್ನು ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಫೋನು ಮಾಡಿ ಕೇಳಿರಿ. ನಮ್ಮ ಮನೆಯ ಪುಸ್ತಕದಲ್ಲಿ ಮೊದಲನೆಯ ಸಾಲು ಈಗಾಗಲೇ ತುಂಬಿದೆ. ಅಲ್ಲಿ ಗುಬ್ಬಿ ಎಂದು ಬರೆದಿದೆ. ಬರೆದ ಅಕ್ಷರ ಮಗುವಿನದೇ.