ಪಿಕಪ್‌ಗೆ ಕೇಳದ ತಂತಿ

ನಮ್ಮ ಸಂಘದ ರೂಮಿನಲ್ಲಿ ಸೀನಿಯರ್‌ಗಳು ಬಿಟ್ಟುಹೋದ ಒಂದು ಸೆಮಿ-ಹಾಲೋ ಗಿಟಾರ್ ಇದೆ. ಅಂಥ ಗಿಟಾರಿನ ಪಿಕಪ್ ಬದಲಿಸಿದವರಿಗೇ ಗೊತ್ತು ಅದೆಂಥ ಪೀಕಲಾಟ ಅಂತ. ಹಿಂದೆ ಮುಚ್ಚಳ ಇರೂದಿಲ್ಲ. ವೈರು, ಪಾಟು, ಜ್ಯಾಕು ಎಲ್ಲಕ್ಕೂ ದಾರ ಕಟ್ಟಿ, ಮೈಮೇಲಿನ ಎಫ್ ಆಕಾರದ ಕಿಂಡಿಯಿಂದ ಹೊರಗೆಳೆದು, ಬೆಸುಗೆ ಹಾಕಿ, ಮತ್ತೆ ಅದೇ ಕಿಂಡಿಯಿಂದ ಒಳಗೆ ಕಳಿಸಬೇಕು. ಎರಡು ರಾತ್ರಿ ಹೋದವು. ಕೆಲಸ ಮುಗಿದಾಗ ಹಳೇ ಪಿಕಪ್ ಒಂದು ಕೈಯಲ್ಲಿ ಉಳಿಯಿತು.

ಅದನ್ನು ಸುಮ್ಮನೆ ಇಡೋ ಮಂದಿ ನಾವಲ್ಲ. ಸಿತಾರ ಕಲಿಯುವ ಗೆಳೆಯನೊಬ್ಬನ ವಾದ್ಯದ ತಂತಿಗಳ ಹತ್ತಿರ ಹಿಡಿದು ಆಂಪ್ ಹಚ್ಚಿದೆವು. ಮೊದಲ ಉಕ್ಕಿನ ತಂತಿ ಖಣಖಣ ಅಂತ ಕೇಳಿತು. ಮೂರನೆಯ ದಪ್ಪ ತಂತಿ ಮಾತ್ರ ಮೂಕ. ವೈರಿಂಗ್ ಕೆಟ್ಟಿದೆ ಅಂದುಕೊಂಡು ಅರ್ಧ ತಾಸು ಒದ್ದಾಡಿದೆವು. ಕೆಟ್ಟಿರಲಿಲ್ಲ. ಪಿಕಪ್ ಅಂದರೆ ಒಂದು ಅಯಸ್ಕಾಂತ, ಅದರ ಸುತ್ತ ಒಂದು ಕಾಯಿಲ್, ಅಷ್ಟ. ಉಕ್ಕಿನ ತಂತಿ ಅಲುಗಿದರೆ ಕಾಂತಕ್ಷೇತ್ರ ಅಲುಗುತ್ತದೆ, ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಆ ಮೂರನೆಯ ತಂತಿ ಕಂಚಿನದು. ಅಯಸ್ಕಾಂತಕ್ಕೆ ಅದರ ಪರಿವೇ ಇಲ್ಲ.

ಆ ತಂತಿಯ ಹೆಸರು ಖರ್ಜ. ಅದರ ಬೆನ್ನು ಹತ್ತಿ ಹೋದರೆ ದಾರಿ ಧಾರವಾಡಕ್ಕೇ ಬಂದು ನಿಂತಿತು, ಸಿತಾರ ರತ್ನ ರಹಿಮತ್ ಖಾನರ ಮನೆಬಾಗಿಲಿಗೆ.

ಇದೇ ಹೆಸರಿನ ಇನ್ನೊಬ್ಬರು ಇದ್ದರು, ಭೂಗಂಧರ್ವ ಎನಿಸಿಕೊಂಡ ಗ್ವಾಲಿಯರ್ ಘರಾನೆಯ ಗಾಯಕ. ಅವರು ಬೇರೆ, ಇವರು ಬೇರೆ. ನಮ್ಮ ರಹಿಮತ್ ಖಾನರು ಸಂಗೀತಗಾರರ ಮನೆತನದವರು. ಕಲಿತದ್ದು ಉಸ್ತಾದ್ ಬಂದೇ ಅಲಿ ಖಾನರ ಹತ್ತಿರ. ಗುರುಗಳು ಕಿರಾಣಾ ಪರಂಪರೆಯ ದೊಡ್ಡ ಬೀನಕಾರರು. ಬೀನ್ ಅಂದರೆ ರುದ್ರವೀಣೆ: ಎರಡು ದೊಡ್ಡ ಸೋರೆ ಬುರುಡೆ, ನಿಧಾನವಾದ ಆಲಾಪ, ನೆಲದೊಳಗಿಂದ ಎದ್ದು ಬಂದಂಥ ಮಂದ್ರ ಸ್ವರಗಳು.

ಶಿಷ್ಯನ ಕೈಯಲ್ಲಿದ್ದದ್ದು ಸಿತಾರ. ಫಾರ್ಸಿಯಲ್ಲಿ ಆ ಹೆಸರಿಗೆ ಮೂರು ತಂತಿ ಎಂದೇ ಅರ್ಥ. ಕಾಲಕ್ರಮದಲ್ಲಿ ತಂತಿ ಹೆಚ್ಚಿದ್ದವು ಖರೆ, ಆದರೂ ಚುರುಕಾದ ಗತ್ತುಗಳಿಗೆ ಒಗ್ಗಿದ ವಾದ್ಯ ಅದು. ಗುರುಗಳ ಆಲಾಪ ಕೆಳಗಿಳಿಯುತ್ತ ಹೋದಂತೆ ಒಂದು ಜಾಗದಲ್ಲಿ ಸಿತಾರಕ್ಕೆ ತಂತಿಯೇ ಮುಗಿದು ಹೋಗುತ್ತದೆ. ಆಗ ಇರುವ ದಾರಿ ಮೂರು. ಆ ಸ್ವರಗಳನ್ನು ಬಿಟ್ಟುಬಿಡುವುದು, ಒಂದು ಸಪ್ತಕ ಮೇಲೆ ನುಡಿಸಿ ಸಮಾಧಾನಪಡುವುದು, ಇಲ್ಲಾ ವಾದ್ಯವನ್ನೇ ಬದಲಿಸುವುದು. ಖಾನಸಾಹೇಬರು ಮೂರನೆಯದಕ್ಕೆ ಕೈ ಹಾಕಿದರು. ಸಿತಾರದ ಮುಖ್ಯ ತಂತಿಗಳ ಕ್ರಮವನ್ನೇ ತಿದ್ದಿ, ಮೂರನೆಯ ಜಾಗದಲ್ಲಿ ಖರ್ಜದ ತಂತಿ ತಂದರು ಎಂದು ಅವರ ಪರಂಪರೆ ಆ ಶ್ರೇಯವನ್ನು ಅವರಿಗೆ ಕೊಡುತ್ತದೆ.

ಒಂದು ತಂತಿ ಸೇರಿಸೋದು ಏನು ಮಹಾ ಅನ್ನಬ್ಯಾಡ್ರಿ. ಲೆಕ್ಕ ಹಾಕಿ ನೋಡೋಣ. ಒಂದು ಸಪ್ತಕ ಕೆಳಗೆ ಅಂದರೆ ಆವರ್ತನ ಅರ್ಧ. ದಂಡಿಯ ಉದ್ದ ಅಷ್ಟೇ ಇರುವಾಗ ತಂತಿ ಸಡಿಲ ಬಿಟ್ಟು ಅದನ್ನು ಸಾಧಿಸಬೇಕಾದರೆ ಬಿಗಿತ ನಾಲ್ಕನೇ ಒಂದಕ್ಕೆ ಇಳಿಯಬೇಕು. ಆಗ ತಂತಿ ಒಣಹಾಕಿದ ಹಗ್ಗದಂತೆ ಜೋಲುತ್ತದೆ. ಬಿಗಿತ ಅಷ್ಟೇ ಇಟ್ಟರೆ ಪ್ರತಿ ಸೆಂಟಿಮೀಟರಿನ ತೂಕ ನಾಲ್ಕು ಪಟ್ಟಾಗಬೇಕು. ಅದೇ ಲೋಹವಾದರೆ ದಪ್ಪ ಎರಡು ಪಟ್ಟು. ಅಷ್ಟು ದಪ್ಪ ಉಕ್ಕು ಸೆಟೆದುಕೊಳ್ಳುತ್ತದೆ, ಮೀಂಡಿಗೆ ಎಳೆಯಲು ಬಗ್ಗುವುದಿಲ್ಲ. ಅದಕ್ಕೇ ಇಂದಿಗೂ ಖರ್ಜಕ್ಕೆ ಹಿತ್ತಾಳೆ ಇಲ್ಲವೇ ಕಂಚು. ಉಕ್ಕಿಗಿಂತ ತೂಕ ಹೆಚ್ಚು, ಗಡಸು ಕಡಿಮೆ.

ತಂತಿ ಬದಲಾದರೆ ಅದು ಕೂರುವ ಕುದುರೆಯೂ ಬದಲಾಗಬೇಕು. ಸಿತಾರದ ಕುದುರೆಯ ಮೇಲ್ಮೈ ಸಪಾಟು ಅಲ್ಲ, ಕಂಡೂ ಕಾಣದಷ್ಟು ಬಾಗಿರುತ್ತದೆ. ಕಂಪಿಸುವ ತಂತಿ ಆ ಬಾಗನ್ನು ಸವರುತ್ತ ಹೋಗುವುದರಿಂದಲೇ ಆ ಝೇಂಕಾರ. ಅದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಜವಾರಿ ಬದನೆಕಾಯಿಗೂ ಇದಕ್ಕೂ ಸಂಬಂಧ ಇಲ್ಲ, ರುಚಿ ಮಾತ್ರ ಎರಡಕ್ಕೂ ಇದೆ. ತಂಬೂರಿ, ವೀಣೆಗಳ ಇಂಥ ಬಾಗಿದ ಕುದುರೆಗಳ ಬಗ್ಗೆ ಸಿ. ವಿ. ರಾಮನ್ 1921ರಲ್ಲಿ ಸಂಶೋಧನಾ ಲೇಖನವನ್ನೇ ಬರೆದರು. ದಪ್ಪ ತಂತಿಗೆ ಬೇರೆ ಬಾಗು ಬೇಕು, ಅರ ಹಿಡಿದು ಉಜ್ಜಬೇಕು. ನಮ್ಮ ಬೆಸುಗೆ ತಪ್ಪಿದರೆ ಕಾಯಿಸಿ ಕಿತ್ತರಾಯಿತು. ಉಜ್ಜಿದ ಕುದುರೆ ಮತ್ತೆ ಬೆಳೆಯುವುದಿಲ್ಲ. ಕೈಯಲ್ಲಿ ಆಸಿಲೋಸ್ಕೋಪ್ ಇಲ್ಲ, ಇರುವುದು ಕಿವಿ. ಆ ಕಿವಿಯಲ್ಲಿ ಗುರುಗಳ ಬೀನ್.

ಇಂಥವರು ಧಾರವಾಡಕ್ಕೆ ಬಂದು ನೆಲೆಸಿದ್ದು ಆಶ್ಚರ್ಯವೇನಲ್ಲ. ಪುಣೆಯಿಂದ ಮೀರಜ, ಲೋಂಡಾ ದಾಟಿ ಬರುವ ರೈಲು ಧಾರವಾಡ, ಹುಬ್ಬಳ್ಳಿ ಮುಟ್ಟಿಯೇ ಮೈಸೂರಿನ ಕಡೆ ಹೋಗಬೇಕಿತ್ತು. ಮೀರಜಿನಲ್ಲಿ ಸಿತಾರ ಮಾಡುವ ಮನೆತನಗಳು, ಮೈಸೂರಿನಲ್ಲಿ ಸಂಗೀತಪ್ರಿಯ ಅರಮನೆ, ನಡುವೆ ನಮ್ಮೂರು. ಸಿತಾರ ರತ್ನ ಎಂಬ ಬಿರುದು ಬಂದದ್ದೂ ಮೈಸೂರಿನ ಮಹಾರಾಜರಿಂದ. ಆದರೆ ಅವರು ಬಿಡಾರ ಹೂಡಿದ್ದು ಇಲ್ಲಿ. ಗಾಯನಕ್ಕೇ ಹೆಸರಾಗುತ್ತಿದ್ದ ಈ ಊರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿ, ಸಿತಾರ ಕಲಿಸುತ್ತ ಕೂತರು. 1954ರಲ್ಲಿ ತೀರಿಕೊಂಡರು.

ಅವರ ಬದಲಾವಣೆಗೆ ಪೇಟೆಂಟ್ ಇಲ್ಲ, ಡ್ರಾಯಿಂಗ್ ಇಲ್ಲ. ಅದು ಉಳಿದದ್ದು ಕಲಿತವರ ಬೆರಳುಗಳಲ್ಲಿ. ಮಗ ಅಬ್ದುಲ್ ಕರೀಂ ಖಾನರು ಸಿತಾರ ಹಿಡಿದರು. ಮೊಮ್ಮಗ ಉಸ್ತಾದ್ ಬಾಲೇ ಖಾನರು (1942–2007) ಧಾರವಾಡದ ಸಿತಾರವನ್ನು ದೇಶಕ್ಕೆಲ್ಲ ಕೇಳಿಸಿದರು. ಮುಂದಿನ ತಲೆಮಾರೂ ನುಡಿಸುತ್ತಿದೆ.

ಇನ್ನೊಂದು ಮಾತು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಮುಂದೆ ಉಸ್ತಾದ್ ವಿಲಾಯತ್ ಖಾನರು ಅದೇ ಮಂದ್ರದ ದಪ್ಪ ತಂತಿಗಳನ್ನು ತಮ್ಮ ಸಿತಾರದಿಂದ ತೆಗೆದುಹಾಕಿದರು. ಅವರಿಗೆ ಬೇಕಿದ್ದ ನಾದಕ್ಕೆ ಅವು ಅಡ್ಡ. ಹಂಗಾದ್ರ ಯಾರದು ಸರಿ? ಇಬ್ಬರದೂ ಸರಿ. ಒಬ್ಬರು ಹಾಕಿದರು, ಒಬ್ಬರು ತೆಗೆದರು. ಇಬ್ಬರಿಗೂ ಅರ ಹಿಡಿಯುವ ಮೊದಲೇ ತಮಗೆ ಯಾವ ನಾದ ಬೇಕು ಅಂತ ಗೊತ್ತಿತ್ತು. ನಾವೋ, ಗಿಟಾರಿಗೆ ಹೊಸ ಪಿಕಪ್ ಹಾಕಿದ್ದು ಯಾಕೆ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರೆ ಉತ್ತರ ಬರಲಿಲ್ಲ. ಆಫರ್ ಇತ್ತು, ತಗೊಂಡಿವಿ.

ಸಿತಾರದ ಕೆಲಸವನ್ನು ಮಾತ್ರ ಅರ್ಧಕ್ಕೆ ಬಿಡಲಿಲ್ಲ. ಅಯಸ್ಕಾಂತ ಬಿಟ್ಟು ಒಂದು ಪೀಜೋ ಡಿಸ್ಕ್ ತಂದು ವಾದ್ಯದ ಮೇಲ್ಹಲಗೆಗೆ ಮೇಣದಿಂದ ಅಂಟಿಸಿದೆವು, ತೂತು ಕೊರೆಯಲಿಲ್ಲ. ನೇರ ಆಂಪ್‌ಗೆ ಕೊಟ್ಟಾಗ ಮಂದ್ರವೆಲ್ಲ ಸೋರಿಹೋಗಿ ದನಿ ತೆಳ್ಳಗಾಗಿತ್ತು. ನಡುವೆ ಒಂದು ಮೆಗಾಓಮ್ ಇನ್‌ಪುಟ್ ಇರುವ ಬಫರ್ ಕಟ್ಟಿ ಹಾಕಿದೆವು. ಗೆಳೆಯ ಮೂರನೆಯ ತಂತಿಯನ್ನು ಒಮ್ಮೆ ಮೀಟಿದ. ಕೇಳಿತು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಮೀಟಲು ಸನ್ನೆ ಮಾಡಿದೆವು.