ನಮ್ಮ ಪಾದಗಳಲ್ಲಿರುವ ಅಥಣಿ



ರಾಜ್ಯೋತ್ಸವದ ದಿನ ಪನವೇಲ್ ಸೀಮೆಯ ಕಾಮೋಠೆಯಲ್ಲಿರುವ ನಮ್ಮ ಕನ್ನಡ ಕೂಟದ ಸಭಾಂಗಣಕ್ಕೆ ಬರುವ ತಾಯಂದಿರ ಮೈಮೇಲೆ ಇಳಕಲ್ಲಿನ ಸೀರೆಯನ್ನೂ, ಅದರ ಸೆರಗಿನಲ್ಲಿ ಧಾರವಾಡದ ಕಸೂತಿಯನ್ನೂ, ಕೊರಳಲ್ಲಿ ಬೋರಮಾಳವನ್ನೂ ಕಂಡು ‘ಎಲ್ಲಿಂದ ತರಿಸಿದಿರಿ?’ ಎಂದು ವಿಚಾರಿಸದವರಿಲ್ಲ. ಆದರೆ ಆ ಉಡುಗೆಗೆ ಒಪ್ಪುವಂತೆ ಆಯ್ದು ಮೆಟ್ಟಿಕೊಂಡು ಬಂದ ಚಪ್ಪಲಿಯನ್ನು ಎಲ್ಲರೂ ಬಾಗಿಲ ಹೊರಗೇ ಬಿಟ್ಟು ಒಳಬರುವುದರಿಂದ, ಅದು ಯಾವ ಭಾವಚಿತ್ರದಲ್ಲಿಯೂ ಸೇರದೆ, ಯಾರ ಪ್ರಶಂಸೆಗೂ ಪಾತ್ರವಾಗದೆ, ಸಮಾರಂಭ ಮುಗಿಯುವ ತನಕ ಹೊಸ್ತಿಲಿನ ಆಚೆ ಉಳಿದುಬಿಡುತ್ತದೆ. ಭೂಷಣಗಳಲ್ಲಿ ಪಾದದ ಭೂಷಣಕ್ಕೆ ಒದಗಿದ ಈ ಸ್ಥಾನವೇ ಅದನ್ನು ಮಾಡುವ ಕೈಗಳಿಗೂ ನಮ್ಮ ದೇಶದಲ್ಲಿ ಶತಮಾನಗಳ ಕಾಲ ಒದಗಿತು. ನೆಯ್ದವರ ಊರನ್ನು ನಾವು ಸೀರೆಯ ಹೆಸರಿನಲ್ಲಿಯೇ ಸ್ಮರಿಸುತ್ತೇವೆ; ಚಪ್ಪಲಿ ಹೊಲಿದವರ ಊರನ್ನು ಕೇಳಿದವರು ವಿರಳ. ಆ ಊರುಗಳಲ್ಲಿ ಕೆಲವು ನಮ್ಮ ಕನ್ನಡನಾಡಿನವೆಂಬುದನ್ನು ಕೂಟದ ಮಕ್ಕಳಾದ ನಿಮಗೆ ತಿಳಿಸಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಶಾಲೆಗೆ ಬೂಟನ್ನೂ ಆಟಕ್ಕೆ ಸ್ನೀಕರನ್ನೂ ಧರಿಸುವ ನೀವು, ಗಣೇಶೋತ್ಸವಕ್ಕೋ ಯುಗಾದಿಗೋ ಕುರ್ತಾ ತೊಟ್ಟು, ಪರಕರ ಉಟ್ಟು ಹೊರಡುವಾಗ ಮೆಟ್ಟಿಕೊಳ್ಳುವುದು ಬಹುಶಃ ಕೊಲ್ಹಾಪುರಿ ಚಪ್ಪಲಿಯನ್ನೇ. ಅದು ನಾವು ನೆಲೆಸಿರುವ ಈ ಮಹಾರಾಷ್ಟ್ರದ ವಸ್ತುವೆಂದು ನೀವು ತಿಳಿದಿದ್ದರೆ ಅದು ಸತ್ಯವೇ. ಆದರೆ ಪೂರ್ಣ ಸತ್ಯವಲ್ಲ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ, ಅಂದರೆ ಇಂತಿಂಥ ಪ್ರದೇಶದಲ್ಲಿ ಇಂತಿಂಥ ರೀತಿಯಲ್ಲಿ ಮಾಡಿದ್ದಕ್ಕೆ ಮಾತ್ರ ಈ ಹೆಸರು ಸಲ್ಲತಕ್ಕದ್ದೆಂದು ಸರ್ಕಾರ ದಾಖಲಿಸಿದಾಗ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಆ ದಾಖಲೆಯೊಳಗೆ ಸೇರಿದವು. ಮಹಾರಾಷ್ಟ್ರದ ಚರ್ಮೋದ್ಯಮ ನಿಗಮವಾದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್ ಎಂಬ ಎರಡು ಸಂಸ್ಥೆಗಳು ಆ ಹಕ್ಕನ್ನು ಜಂಟಿಯಾಗಿ ಪಡೆದವು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಮದಭಾವಿ ಮೊದಲಾದ ಊರುಗಳ ಓಣಿಗಳಲ್ಲಿ ತಲೆತಲಾಂತರದಿಂದ ಈ ಕೆಲಸ ನಡೆದುಬಂದಿದೆ. ದೊಡ್ಡ ಪೇಟೆ ಕೊಲ್ಹಾಪುರದಲ್ಲಿತ್ತು. ಚರ್ಮದ ಕಸುಬಿಗೆ ಆಶ್ರಯವಿತ್ತ ಛತ್ರಪತಿ ಶಾಹೂ ಮಹಾರಾಜರ ಆಸ್ಥಾನವೂ ಅಲ್ಲಿತ್ತು. ಹೀಗಾಗಿ ಅಥಣಿಯಲ್ಲಿ ಹೊಲಿದ ಜೋಡೂ ಪೇಟೆಯ ಹೆಸರನ್ನೇ ಹೊತ್ತು ಲೋಕಸಂಚಾರ ಮಾಡಿತು. ಇದರಲ್ಲಿ ಕಲಹಕ್ಕೆ ಕಾರಣವೇನೂ ಇಲ್ಲ. ಮರಾಠಿಯನ್ನೂ ಕನ್ನಡವನ್ನೂ ಒಂದೇ ನಾಲಗೆಯಲ್ಲಿ ಆಡುವ ಆ ಗಡಿಸೀಮೆಯ ಕುಶಲಿಗಳಿಗೆ ಗಡಿ ನಕಾಶೆಯಲ್ಲಿ ಬಂದುದು ತೀರ ಈಚೆಗೆ. ಎರಡು ಭಾಷೆಗಳ ನಡುವೆಯೇ ಬೆಳೆಯುತ್ತಿರುವ ಕಾಮೋಠೆಯ ಮಕ್ಕಳಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀಗೆ ತನ್ನಷ್ಟಕ್ಕೆ ನಡೆದುಬರುತ್ತಿದ್ದ ಕಸುಬಿನ ಮೇಲೆ 2025ರ ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಜಗತ್ತಿನ ದೃಷ್ಟಿ ಬಿದ್ದಿತು. ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಪ್ರಖ್ಯಾತ ಫ್ಯಾಷನ್ ಸಂಸ್ಥೆ ಮುಂದಿನ ಬೇಸಗೆಗಾಗಿ ತಾನು ಸಿದ್ಧಪಡಿಸಿದ ಪುರುಷರ ಉಡುಪುಗಳನ್ನು ಪ್ರದರ್ಶಿಸಿದಾಗ, ರೂಪದರ್ಶಿಗಳ ಕಾಲುಗಳಲ್ಲಿದ್ದುದು ಉಂಗುಟವನ್ನು ಸುತ್ತುವ ಉಂಗುರ, ಪಾದಕ್ಕೆ ಅಡ್ಡಲಾದ ಪಟ್ಟಿ, ಹೆಣಿಗೆಯ ಅಂಚು ಇವೆಲ್ಲವೂ ಇದ್ದ, ನಮ್ಮ ಕಡೆಯ ಯಾವ ಅಜ್ಜನೂ ನೋಡಿದೊಡನೆ ಗುರುತಿಸಬಲ್ಲ ಚಪ್ಪಲಿ. ಸಂಸ್ಥೆಯ ವಿವರಣೆಯಲ್ಲಿ ಅದು ಕೇವಲ ಚರ್ಮದ ಪಾದರಕ್ಷೆಯಾಗಿತ್ತು. ಕೊಲ್ಹಾಪುರದ ಹೆಸರಿರಲಿಲ್ಲ, ಭಾರತದ ಉಲ್ಲೇಖವೂ ಇರಲಿಲ್ಲ. ಇಲ್ಲಿ ಅಸಮಾಧಾನ ಹಬ್ಬಿತು; ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆಯಿತು; ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆಯವರು, ಈ ಕಲೆಯನ್ನು ಬಲ್ಲವರಲ್ಲಿ ಅನೇಕರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿದ್ದಾರೆಂಬುದನ್ನೂ ಮರೆಯಬಾರದೆಂದು ನೆನಪಿಸಿದರು. ಪ್ರಾಡಾ ಸಂಸ್ಥೆ ತನಗೆ ಸ್ಫೂರ್ತಿ ಕೊಟ್ಟದ್ದು ಭಾರತದ ಪರಂಪರಾಗತ ಕೈಕಸುಬಿನ ಪಾದರಕ್ಷೆಯೇ ಎಂದು ಒಪ್ಪಿಕೊಂಡಿತು, ತನ್ನ ತಜ್ಞರನ್ನು ಕೊಲ್ಹಾಪುರಕ್ಕೆ ಕಳುಹಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಲಿಡ್‌ಕಾಮ್ ಮತ್ತು ಲಿಡ್‌ಕರ್ ಎರಡರೊಡನೆಯೂ ಮುಂಬಯಿಯಲ್ಲಿ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳ ಕುಶಲಿಗಳಿಂದಲೇ 2,000 ಜೋಡಿ ಮಾಡಿಸಿ, ಜೋಡಿಯೊಂದಕ್ಕೆ ಸುಮಾರು 800 ಯೂರೋ ಬೆಲೆಗೆ ಮಾರುವ ಯೋಜನೆಯನ್ನು ಪ್ರಕಟಿಸಿತು. ನಮ್ಮ ಹಣದಲ್ಲಿ ಅದು 80,000 ರೂಪಾಯಿಗೂ ಮೇಲಾಯಿತು.

ಈ ವಾರ್ತೆಯನ್ನು ಓದಿ ನನಗೆ ಹಿಗ್ಗಾದದ್ದು ನಿಜ. ಒಪ್ಪಂದದಲ್ಲಿ ಲಿಡ್‌ಕರ್ ಹೆಸರೂ ಇದ್ದುದು ಆ ಹಿಗ್ಗನ್ನು ಇಮ್ಮಡಿಗೊಳಿಸಿತು. ಆದರೂ ಅದರೊಡನೆಯೇ ಒಂದು ವ್ಯಥೆಯೂ ಬೆರೆತಿತ್ತು. ಅಥಣಿಯ ಜೋಡನ್ನು ಮೆಚ್ಚಲು ನಾವು ಮಿಲಾನಿನ ಅಪ್ಪಣೆಗಾಗಿ ಏಕೆ ಕಾದೆವು? ಪೇಟೆಯಲ್ಲಿ ಅದೇ ಜೋಡಿಗೆ ಕುಶಲಿ ಕೆಲವು ನೂರು ರೂಪಾಯಿ ಕೇಳಿದಾಗ ಐವತ್ತು ಇಳಿಸೆಂದು ಚೌಕಾಸಿ ಮಾಡಿದವರು ನಾವೇ ಅಲ್ಲವೇ? ಆ ಬೆಲೆಯಲ್ಲಿ ಎಷ್ಟು ದಿನಗಳ ಶ್ರಮ ಅಡಗಿದೆಯೆಂದು ತಿಳಿದಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಆದ್ದರಿಂದ ಆ ಶ್ರಮವನ್ನು ತುಸು ಹತ್ತಿರದಿಂದ ನೋಡೋಣ.

ಹಸಿ ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ, ರೋಮವನ್ನೂ ಮಾಂಸದ ಪದರವನ್ನೂ ಹೆರೆದು ತೆಗೆಯುತ್ತಾರೆ. ಅನಂತರ ಅದನ್ನು ಹದಮಾಡಬೇಕು. ಇದಕ್ಕೆ ಬೇಕಾದವು ಜಾಲಿಯ ತೊಗಟೆ ಮತ್ತು ಅಳಲೆಕಾಯಿ, ನಮ್ಮ ಬಯಲುಸೀಮೆಯ ಬೇಲಿಯಲ್ಲಿಯೂ ಅಡವಿಯಲ್ಲಿಯೂ ದೊರೆಯುವಂಥವು. ರಾಸಾಯನಿಕ ಕಾರ್ಖಾನೆಯಿಂದ ತರಬೇಕಾದದ್ದು ಯಾವುದೂ ಇಲ್ಲ. ಹಳೆಯ ಕ್ರಮದಲ್ಲಿ ತೊಗಲನ್ನು ಚೀಲದಂತೆ ಹೊಲಿದು, ಅದರೊಳಗೆ ತೊಗಟೆಯ ಪುಡಿಯನ್ನೂ ನೀರನ್ನೂ ತುಂಬಿ, ಬಲವಾದ ಅಡ್ಡದಿಮ್ಮಿಗೆ ತೂಗುಹಾಕುತ್ತಿದ್ದರು. ಒಳಗಿನ ಕಷಾಯ ತೊಗಲಿನ ರಂಧ್ರರಂಧ್ರಗಳಿಂದ ಒಸರಿ ಕೆಳಗಿನ ಪಾತ್ರೆಗೆ ಸೋರುವುದು. ಸೋರಿದ್ದನ್ನು ಮತ್ತೆ ಮೇಲಿನಿಂದ ಸುರಿಯುವುದು. ಕೆಲವು ದಿನಗಳಾದ ಮೇಲೆ ಚೀಲದ ಬಾಯನ್ನು ಹೊಲಿದು, ತಳವನ್ನು ಬಿಚ್ಚಿ, ತಲೆಕೆಳಗು ಮಾಡಿ, ಮತ್ತೆ ಅದೇ ಕ್ರಮವನ್ನು ಮೊದಲಿನಿಂದ ನಡೆಸುವುದು. ಈ ಕಷಾಯಸ್ನಾನ ವಾರಗಟ್ಟಲೆ ನಡೆದ ಮೇಲೆ ತೊಗಲಿಗೆ ಜೇನಿನ ಬಣ್ಣ ತಾನಾಗಿಯೇ ಏರುತ್ತದೆ, ನೀರು ಸೋಂಕಿದರೂ ಕೊಳೆಯದ ಗುಣ ಬರುತ್ತದೆ. ಇಂದು ಅನೇಕ ಕುಶಲಿಗಳು ಬೇರೆಡೆ ಹದಮಾಡಿದ ಚರ್ಮವನ್ನೇ ಕೊಂಡು ತರುತ್ತಾರೆ. ಹದಮಾಡುವ ಕುಟುಂಬಗಳು ಕಡಿಮೆಯಾಗಿವೆ.

ಇನ್ನು ಹೊಲಿಗೆ. ದಪ್ಪನಾದ ಎಮ್ಮೆಯ ಚರ್ಮದಿಂದ ಅಟ್ಟೆಯನ್ನು ರಂಪಿಗೆಯೆಂಬ ಕತ್ತಿಯಿಂದ ಕತ್ತರಿಸಿ, ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲಿಟ್ಟು ಬಡಿದು ಬಿಗಿಗೊಳಿಸುತ್ತಾರೆ. ಅಟ್ಟೆಯ ಇಬ್ಬದಿಯಲ್ಲಿ ಕಿವಿಗಳಂತೆ ಚಾಚಿದ ಎರಡು ತುಂಡುಗಳು ಪಾದದ ಪಟ್ಟಿಯನ್ನು ಹಿಡಿದುಕೊಳ್ಳುತ್ತವೆ. ಅಟ್ಟೆಗೆ ಅಟ್ಟೆಯನ್ನು ಜೋಡಿಸುವಲ್ಲಿ ಕಬ್ಬಿಣದ ಒಂದು ಮೊಳೆಯನ್ನೂ ಬಡಿಯುವುದಿಲ್ಲ. ಆರಿಯಿಂದ ರಂಧ್ರ ಕೊರೆದು, ಚರ್ಮವನ್ನೇ ಎಳೆಯಾಗಿ ಸೀಳಿ, ಆ ಎಳೆಯಿಂದಲೇ ಹೊಲಿಯುತ್ತಾರೆ. ನಿಮ್ಮ ಮನೆಯಲ್ಲಿ ಒಳ್ಳೆಯ ಜೋಡೊಂದಿದ್ದರೆ ಅದನ್ನು ತಿರುಗಿಸಿ ಅಂಚನ್ನು ದೃಷ್ಟಿಸಿ ನೋಡಿರಿ: ಹೊಲಿಗೆ ಸಮಾನಾಂತರದಲ್ಲಿ, ಆದರೆ ಯಂತ್ರದ ನಿರ್ಜೀವ ಸಮತೆಯಿಲ್ಲದೆ, ಒಂದೊಂದು ಎಳೆ ಒಂದೊಂದು ಬಿಗಿತದಲ್ಲಿ ಕಾಣುವುದು. ಮೇಲಿನ ಪಟ್ಟಿಯ ಮೇಲಿರುವ ಹೆಣಿಗೆಯನ್ನು ನೋಡಿರಿ. ನೂಲಿನಷ್ಟು ಸಪುರವಾಗಿ ಸೀಳಿದ ಚರ್ಮದ ಎಳೆಗಳನ್ನು ಜಡೆಯಂತೆ ಹೆಣೆದು, ಪಟ್ಟಿಯ ಉದ್ದಕ್ಕೂ ಕೂರಿಸಿ, ತುದಿಗೆ ಗೊಂಡೆ ಕಟ್ಟುವ ಆ ಕೆಲಸ ಬಹುಪಾಲು ಹೆಣ್ಣುಮಕ್ಕಳದು. ಅಟ್ಟೆ ಕಡಿಯುವುದು, ಬಡಿಯುವುದು ಗಂಡಸರ ಪಾಲು. ಚಪ್ಪಲಿಗೆ ಚೆಲುವನ್ನು ಕೊಡುವ ಸೂಕ್ಷ್ಮ ಕೆಲಸವೆಲ್ಲ ಮನೆಯ ಕಟ್ಟೆಯ ಮೇಲೆ ಕುಳಿತ ತಾಯಿ, ಸೊಸೆ, ಮಗಳ ಪಾಲು. ಮದುವೆಮನೆಗೆ ಹೊರಟ ಹಿರಿಯರು ಬಯಸುತ್ತಿದ್ದ, ಹೆಜ್ಜೆಗೊಮ್ಮೆ ಕರ್ ಕರ್ ಎಂದು ಸಪ್ಪಳ ಮಾಡುವ ಜೋಡನ್ನು ಸಿದ್ಧಪಡಿಸುವುದಂತೂ ಪ್ರತ್ಯೇಕ ವಿದ್ಯೆ. ಯಜಮಾನರು ಓಣಿಯ ತಿರುವಿನಲ್ಲಿರುವಾಗಲೇ ಮನೆಯವರಿಗೆ ಅವರ ಆಗಮನ ತಿಳಿಯುತ್ತಿತ್ತು.

ಈ ಹೆಣ್ಣುಮಕ್ಕಳ ಕೈಗೆ ಬಹುಕಾಲ ಹಣ ಬರಲಿಲ್ಲ. ಮಾರುವವರು ಗಂಡಸರು, ಅವರಿಂದ ಕೊಳ್ಳುವವರು ಮಧ್ಯವರ್ತಿಗಳು, ಲಾಭ ಆ ಮಧ್ಯವರ್ತಿಗಳದು. 1990ರ ದಶಕದ ಕೊನೆಯ ವೇಳೆಗೆ ಅಥಣಿಯಲ್ಲಿ ಮಧುರಾ ಛತ್ರಪತಿ ಅವರ ಅಸೆಂಟ್ ಎಂಬ ಸಂಸ್ಥೆಯ ಪ್ರಯತ್ನದಿಂದ ಈ ಹೆಣ್ಣುಮಕ್ಕಳು ಸ್ವಸಹಾಯ ಗುಂಪುಗಳಾಗಿ ಸೇರಿ, ಬ್ಯಾಂಕಿನಲ್ಲಿ ತಮ್ಮ ಹೆಸರಿನಲ್ಲಿ ಖಾತೆ ತೆರೆದು, ಟೋಹೋಲ್ಡ್ ಎಂಬ ಹೆಸರಿನ ಕುಶಲಿಗಳದೇ ಉದ್ಯಮವನ್ನು ಕಟ್ಟಿದರು. ಹಳೆಯ ಹೆಣಿಗೆಗೆ ಹೊಸ ಬಣ್ಣಗಳನ್ನು ತಂದರು, ಪರದೇಶದ ಪಾದಗಳ ಅಳತೆಯನ್ನು ಕಲಿತರು, ಹೊರದೇಶಗಳಿಗೆ ಮಾಲು ಕಳುಹಿಸಿದರು. ಮಿಲಾನಿನ ಪ್ರದರ್ಶನಕ್ಕೆ ಎಷ್ಟೋ ವರ್ಷ ಮೊದಲೇ ನಡೆದ ಸಂಗತಿಯಿದು. ಫ್ಯಾಷನ್ ವಿನ್ಯಾಸಕರೆಂದರೆ ದೊಡ್ಡ ನಗರದ ವಿದ್ಯಾಲಯದಿಂದ ಹೊರಬಂದವರೆಂದೇ ನಾವು ಭಾವಿಸುತ್ತೇವೆ. ಯಾವ ಎಳೆ ಯಾವ ಎಳೆಯ ಮೇಲೆ ಹಾಯ್ದರೆ ಪಟ್ಟಿ ಪಾದವನ್ನು ಕಚ್ಚದು, ಯಾವ ಗೊಂಡೆ ಯಾವ ಪಟ್ಟಿಗೆ ಒಪ್ಪುವುದು ಎಂಬುದನ್ನು ಅಜ್ಜಿಯಿಂದ ಕಲಿತು, ತನ್ನ ಬುದ್ಧಿಯಿಂದ ಬೆಳೆಸಿದ ಅಥಣಿಯ ಹೆಣ್ಣುಮಗಳಿಗೆ ಆ ಹೆಸರು ಸಲ್ಲದಿರಲು ನನಗೆ ಕಾರಣ ತೋರುವುದಿಲ್ಲ.

ಚಪ್ಪಲಿಯ ಮಾತು ಬಂದಾಗ ಕನ್ನಡಿಗರಾದ ನಾವು ಹರಳಯ್ಯನವರನ್ನು ನೆನೆಯದೆ ಮುಂದೆ ಹೋಗಲಾಗದು. ಹನ್ನೆರಡನೆಯ ಶತಮಾನದಲ್ಲಿ, ಇಂದು ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿ, ಸಮಗಾರ ಹರಳಯ್ಯನೆಂಬ ಶರಣ ತನ್ನ ಪತ್ನಿ ಕಲ್ಯಾಣಮ್ಮನೊಡನೆ ಬಾಳಿದ್ದನು. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಅವನು ‘ಶರಣು’ ಎಂದಾಗ, ರಾಜ್ಯದ ಭಂಡಾರಿಯಾಗಿದ್ದ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಎರಡು ಪಟ್ಟು ಗೌರವವನ್ನು ಹಿಂದಿರುಗಿಸಿದರಂತೆ. ಜೀವಮಾನದಲ್ಲಿ ಯಾರಿಂದಲೂ ಅಂಥ ಮಾತನ್ನು ಕೇಳದ ಆ ದಂಪತಿ, ಈ ಋಣವನ್ನು ತೀರಿಸುವ ಬಗೆ ತಿಳಿಯದೆ, ತಮ್ಮ ತೊಡೆಗಳ ಚರ್ಮವನ್ನೇ ತೆಗೆದು ಹದಮಾಡಿ, ಬಸವಣ್ಣನವರಿಗಾಗಿ ಒಂದು ಜೊತೆ ಪಾದರಕ್ಷೆ ಮಾಡಿದರೆಂದೂ, ಅವುಗಳನ್ನು ಕಂಡ ಬಸವಣ್ಣನವರು ಮೆಟ್ಟಲು ಒಪ್ಪದೆ ತಲೆಯ ಮೇಲೆ ಹೊತ್ತರೆಂದೂ ಶರಣರ ಕಥೆಗಳು ಹೇಳುತ್ತವೆ. ಮುಂದೆ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣಕುಲದಿಂದ ಬಂದ ಶರಣ ಮಧುವರಸನ ಮಗಳಿಗೂ ವಿವಾಹವಾದಾಗ ಕಲ್ಯಾಣ ತಲ್ಲಣಿಸಿತು. ಆ ಸಂಬಂಧವನ್ನು ಸಹಿಸದವರ ಒತ್ತಾಯದಿಂದ ಎರಡೂ ಮನೆಗಳ ಹಿರಿಯರಿಗೆ ಘೋರ ಶಿಕ್ಷೆ ವಿಧಿಸಲಾಯಿತು. ತೊಗಲು ಹದಮಾಡುವ ಡೋಹರ ಕಕ್ಕಯ್ಯನವರೂ ಆ ಕಾಲದ ಪೂಜ್ಯ ಶರಣರೇ. ಈ ಮಹನೀಯರ ಜಯಂತಿಯನ್ನು ಭಕ್ತಿಯಿಂದ ಆಚರಿಸುವ ನಾವು, ಅದೇ ಕಸುಬಿನವರು ನಮ್ಮ ನಡುವೆ ಬದುಕಿರುವಾಗ ಅವರ ಪಕ್ಕದಲ್ಲಿ ಕೂರುವುದಕ್ಕೆ ಹಿಂಜರಿದೆವು. ಇದನ್ನು ನಿಮ್ಮಿಂದ ಮುಚ್ಚಿಡುವುದು ಸಲ್ಲ. ಎಷ್ಟೋ ಮನೆಗಳ ಯುವಕರು ಇಂದು ರಂಪಿಗೆಯನ್ನು ಕೆಳಗಿಟ್ಟು ಬೇರೆ ನೌಕರಿ ಹುಡುಕುತ್ತಿರುವುದಕ್ಕೆ ಸಂಪಾದನೆಯ ಕೊರತೆ ಒಂದು ಕಾರಣವಾದರೆ, ಈ ಅವಮಾನದ ನೆನಪು ಇನ್ನೊಂದು.

ಇನ್ನು ಕೊಳ್ಳುವ, ಧರಿಸುವ ವಿಷಯ. ಸಂತೆಯಲ್ಲಿಯೂ ರೈಲು ನಿಲ್ದಾಣದ ಬದಿಯಲ್ಲಿಯೂ ಕೊಲ್ಹಾಪುರಿ ಎಂದು ಮಾರುವುದರಲ್ಲಿ ಕೃತಕ ಚರ್ಮದ ಅನುಕರಣೆಗಳು ಬಹಳ. ಅಸಲಿ ಜೋಡನ್ನು ಮೂಸಿ ನೋಡಿದರೆ ತೊಗಟೆಯ ಒಗರು ವಾಸನೆ ಇರಬೇಕು. ಅಂಟು ಹಚ್ಚಿ ಯಂತ್ರದಲ್ಲಿ ಒತ್ತಿದ್ದಾಗಿರದೆ ಅಂಚಿನಲ್ಲಿ ಚರ್ಮದ ಎಳೆಯ ಹೊಲಿಗೆ ಕಾಣಬೇಕು. 2025ರಲ್ಲಿ ಲಿಡ್‌ಕಾಮ್ ತನ್ನ ಚಪ್ಪಲಿಗಳಿಗೆ ಕ್ಯೂಆರ್ ಸಂಕೇತವನ್ನು ಅಳವಡಿಸುವ ವ್ಯವಸ್ಥೆ ತಂದಿದೆ. ಮೊಬೈಲಿನಿಂದ ಅದನ್ನು ಓದಿದರೆ ಮಾಡಿದವರು ಯಾರು, ಯಾವ ಜಿಲ್ಲೆಯವರು ಎಂಬುದು ಗೋಚರಿಸುತ್ತದೆ. ಹೊಸ ಜೋಡು ಮೊದಮೊದಲು ಕಚ್ಚುವುದುಂಟು. ಪಟ್ಟಿಯ ಒಳಬದಿಗೆ ತುಸು ಕೊಬ್ಬರಿ ಎಣ್ಣೆ ಸವರಿ, ದಿನಕ್ಕೆ ಸ್ವಲ್ಪ ಹೊತ್ತಿನಂತೆ ಮನೆಯೊಳಗೇ ಮೆಟ್ಟಿಕೊಂಡು ತಿರುಗಾಡಿದರೆ ಅದು ನಿಮ್ಮ ಪಾದದ ಆಕಾರಕ್ಕೆ ಬಗ್ಗುತ್ತದೆ. ನಮ್ಮ ಪನವೇಲ್ ಸೀಮೆಯ ಮಳೆಗೆ ಮಾತ್ರ ಅದನ್ನು ಒಡ್ಡಬಾರದು. ಜೂನ್ ಬರುವ ಮೊದಲೇ ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯ ಚೀಲದಲ್ಲಿ ಸುತ್ತಿಟ್ಟರೆ ನವರಾತ್ರಿಯ ಹೊತ್ತಿಗೆ ಬೂಸ್ಟು ಹಿಡಿಯದೆ ಮತ್ತೆ ಮೆಟ್ಟಲು ಸಿದ್ಧವಾಗಿರುತ್ತದೆ.

ಕಳಂಬೋಲಿಯಿಂದ ಹೊರಡುವ ನಮ್ಮ ಊರುಗಳ ಕಡೆಯ ಬಸ್ಸುಗಳು ಪುಣೆ, ಸಾತಾರಾ, ಕೊಲ್ಹಾಪುರಗಳನ್ನು ದಾಟಿ ಕರ್ನಾಟಕವನ್ನು ಹೊಕ್ಕೊಡನೆ ಸಿಗುವ ಮೊದಲ ಪಟ್ಟಣವೇ ನಿಪ್ಪಾಣಿ. ಮೀರಜ್ ಮಾರ್ಗ ಹಿಡಿದು ಕಾಗವಾಡದ ಮೇಲೆ ಹೋದರೆ ಅಥಣಿ. ಮೇ ರಜೆಯಲ್ಲಿ ಆ ದಾರಿಯಾಗಿ ಸ್ವಂತ ವಾಹನದಲ್ಲಿ ಊರಿಗೆ ಹೋಗುವ ಮಕ್ಕಳು ತಂದೆತಾಯಿಗಳನ್ನು ಒಪ್ಪಿಸಿ ಒಂದು ಗಂಟೆ ಅಲ್ಲಿ ನಿಲ್ಲಿರಿ. ಚಪ್ಪಲಿ ಮಾಡುವ ಅಕ್ಕನನ್ನೋ ಕಾಕಾನನ್ನೋ ಕಂಡು, ಅವರ ಪಕ್ಕದಲ್ಲಿ ಕುಳಿತು, ಹೆಣಿಗೆಯ ಎಳೆ ಹೇಗೆ ತಿರುಗುವುದೆಂದು ನೋಡಿರಿ. ನಿಮ್ಮ ಪಾದದ ಅಳತೆ ಕೊಟ್ಟು, ಕೇಳಿದ ಬೆಲೆಯನ್ನೇ ಕೊಡಿರಿ. ಅವರು ಒಪ್ಪಿದರೆ ಅವರ ಹೆಸರನ್ನೂ ಅವರಿಗೆ ಈ ವಿದ್ಯೆ ಕಲಿಸಿದವರ ಹೆಸರನ್ನೂ ಬರೆದುಕೊಂಡು ಬನ್ನಿರಿ. ಕೂಟದ ಪತ್ರಿಕೆಯ ದೀಪಾವಳಿ ಸಂಚಿಕೆಯಲ್ಲಿ ಆ ಬರಹಗಳಿಗಾಗಿ ಪುಟಗಳನ್ನು ಮೀಸಲಿಡಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.