ಶ್ರೀ ದೊಡ್ಡ ವೀರರಾಜೇಂದ್ರ ಒಡೆಯರವರು

ಅಮ್ಮತ್ತಿಯಿಂದ ಪಡುವಲಾಗಿ ಹೊರಡುವ ಹಾದಿಯು ಗದ್ದೆಬಯಲುಗಳನ್ನೂ ಕಾಫಿಯ ತೋಟಗಳನ್ನೂ ದಾಟಿ ಮಲೆತಿರಿಕೆ ಬೆಟ್ಟದ ತಪ್ಪಲಲ್ಲಿರುವ ವಿರಾಜಪೇಟೆಯನ್ನು ಸೇರುವುದು. ಈ ನಾಡಿನವರು ಉಪ್ಪು ಬಟ್ಟೆಗಳಿಗಾಗಿಯೂ ಮದುವೆಯ ಸಾಮಾನಿಗಾಗಿಯೂ ಕಚೇರಿಯ ಕೆಲಸಕ್ಕಾಗಿಯೂ ತಲೆಮಾರುಗಳಿಂದ ಈ ಹಾದಿಯನ್ನು ತುಳಿಯುತ್ತ ಬಂದಿದ್ದಾರೆ. ಆದರೆ ಆ ಪೇಟೆಯು ತಾನಾಗಿಯೇ ಬೆಳೆದ ಊರಲ್ಲವೆಂಬುದೂ, ಒಬ್ಬ ಲಿಂಗವಂತ ಅರಸರು ಸ್ಥಳವನ್ನು ನೋಡಿ, ಆಲೋಚಿಸಿ, ಜನರನ್ನು ಕರೆದು ನೆಲೆಗೊಳಿಸಿದ ಊರೆಂಬುದೂ ಎಷ್ಟೋ ಮಂದಿಗೆ ಮರೆತುಹೋಗಿದೆ. ವೀರರಾಜೇಂದ್ರಪೇಟೆಯೆಂಬುದು ಅದರ ಮೂಲನಾಮವು. ಜನರ ನಾಲಗೆಯಲ್ಲಿ ಸವೆದು ಸವೆದು ಅದು ವಿರಾಜಪೇಟೆಯಾಯಿತು.

ಕೊಡಗನ್ನಾಳಿದ ಹಾಲೇರಿ ವಂಶವು ವೀರಶೈವ ಮತಾವಲಂಬಿಗಳದು. ಇಕ್ಕೇರಿಯ ಅರಸುಮನೆತನಕ್ಕೆ ಸೇರಿದ ಮೂಲಪುರುಷರು ಜಂಗಮವೇಷದಿಂದ ಹಾಲೇರಿಗೆ ಬಂದು ನೆಲೆಸಿದರೆಂದು ಪರಂಪರೆಯು ಹೇಳುತ್ತದೆ. ಇದೇ ವಂಶದ ಮುದ್ದುರಾಜ ಒಡೆಯರು 1681ರಲ್ಲಿ ಮಡಿಕೇರಿಯನ್ನು ರಾಜಧಾನಿಯನ್ನಾಗಿ ಮಾಡಿದರು. ಆದುದರಿಂದ ಊರು ಕಟ್ಟುವ ಕಾರ್ಯವು ಈ ಮನೆತನಕ್ಕೆ ಹೊಸದೇನೂ ಆಗಿರಲಿಲ್ಲ. ಆದರೆ ದೊಡ್ಡ ವೀರರಾಜೇಂದ್ರರಿಗೆ ಆ ಕಾರ್ಯವು ಒದಗಿದ ಕಾಲವು ಮಾತ್ರ ಬಹು ಕಠಿನವಾದುದಾಗಿತ್ತು.

ಇವರ ತಂದೆ ಲಿಂಗರಾಜ ಒಡೆಯರು 1780ರಲ್ಲಿ ಶಿವೈಕ್ಯರಾದರು. ಮಕ್ಕಳು ಇನ್ನೂ ಎಳೆಯರೆಂಬ ನೆವದಿಂದ ಹೈದರಾಲಿಯು ಕೊಡಗನ್ನು ತನ್ನ ಕೈಗೆ ತೆಗೆದುಕೊಂಡು, ರಾಜಕುಮಾರರನ್ನು ಗೊರೂರಿನ ಕೋಟೆಗೆ ಕಳುಹಿಸಿದನು. 1782ರಲ್ಲಿ ಹೈದರನು ಮಡಿದ ಮೇಲೆ ಟಿಪ್ಪುಸುಲ್ತಾನನು ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದನು. ಅರಸುಮಕ್ಕಳ ಯೌವನವು ಹೀಗೆ ಪರರ ಕಾವಲಿನಲ್ಲಿಯೇ ಕಳೆಯಿತು. ಹೊರಗೆ ನಾಡು ಹಾಳಾಗುತ್ತಿತ್ತು. ದಂಡಿನ ಮೇಲೆ ದಂಡು ಬಂದು ಸಹಸ್ರಾರು ಕೊಡಗರನ್ನು ಹೆಂಡಿರುಮಕ್ಕಳ ಸಹಿತವಾಗಿ ಶ್ರೀರಂಗಪಟ್ಟಣಕ್ಕೆ ಹಿಡಿದೊಯ್ದಿತು. 1788ರ ಕೊನೆಯಲ್ಲಿ ವೀರರಾಜೇಂದ್ರರು ನಂಬಿಕೆಯ ಕೆಲವು ಕೊಡಗರ ನೆರವಿನಿಂದ, ತಮ್ಮಂದಿರೊಡನೆ, ಸೆರೆಯಿಂದ ತಪ್ಪಿಸಿಕೊಂಡು ಬಂದರು. ಆಗ ಅವರಲ್ಲಿ ಬೊಕ್ಕಸವಿಲ್ಲ, ಕೋಟೆಯಿಲ್ಲ, ಅರಮನೆಯಿಲ್ಲ. ಇದ್ದುದು ಜನರ ಅಭಿಮಾನವೊಂದೇ. ಅದನ್ನೇ ಬಂಡವಾಳವಾಗಿಟ್ಟುಕೊಂಡು ಕಾಡು ಕಣಿವೆಗಳಲ್ಲಿ ಹೋರಾಡಿ ನಾಡನ್ನು ತುಂಡುತುಂಡಾಗಿ ಮರಳಿ ಪಡೆದರು.

ಆ ಹೋರಾಟದ ಒಂದು ಪ್ರಸಂಗವು ಇವರ ಮನೋಧರ್ಮವನ್ನು ತೋರಿಸುವುದು. ಮಡಿಕೇರಿಯ ಕೋಟೆಯಲ್ಲಿದ್ದ ಮೈಸೂರಿನ ದಂಡಿಗೆ ದವಸವು ತೀರುತ್ತ ಬಂದಾಗ, ಟಿಪ್ಪುವು ಖಾದರಖಾನನೆಂಬ ಸರದಾರನೊಡನೆ ಧಾನ್ಯವನ್ನೂ ಸೈನ್ಯವನ್ನೂ ಕಳುಹಿಸಿದನು. ವೀರರಾಜೇಂದ್ರರು ಆ ದಂಡನ್ನು ದಾರಿಯಲ್ಲಿಯೇ ಮುತ್ತಿ ನಾಶಮಾಡುವ ಸ್ಥಿತಿಯಲ್ಲಿದ್ದರು. ಆದರೆ ಈ ಖಾದರಖಾನನು ಹಿಂದೆ ಸೆರೆಯ ದಿನಗಳಲ್ಲಿ ರಾಜಕುಟುಂಬಕ್ಕೆ ಉಪಕಾರಮಾಡಿದ್ದವನು. ಅದನ್ನು ನೆನೆದು ಅರಸರು ಅವನನ್ನು ಕೊಲ್ಲದೆ ಬಿಟ್ಟರು. ಧಾನ್ಯವು ಕೋಟೆಯೊಳಕ್ಕೆ ಹೋಗುವುದಕ್ಕೂ ಅಡ್ಡಿಮಾಡಲಿಲ್ಲ. ಇಂತಹ ದಾಕ್ಷಿಣ್ಯವು ಯುದ್ಧನೀತಿಗೆ ಸರಿಯೇ ಎಂದು ಕೇಳುವವರು ಆಗಲೂ ಇದ್ದಿರಬೇಕು. ಕೋಟೆಯು ಕೊನೆಗೆ ಅರಸರ ಕೈಸೇರಿತು. ಶರಣಾಗತರಾದ ದಂಡಿನವರನ್ನು ಅವರು ಮರ್ಯಾದೆಯಿಂದಲೇ ಕಳುಹಿಸಿಕೊಟ್ಟರು.

1790ರಲ್ಲಿ ಇಂಗ್ಲಿಷ್ ಕಂಪನಿಯವರೊಡನೆ ಒಡಂಬಡಿಕೆಯಾಯಿತು. ಮರುವರ್ಷ ಜನರಲ್ ಅಬರ್‌ಕ್ರಾಂಬಿಯು ಮುಂಬಯಿಯ ಸೈನ್ಯದೊಡನೆ ಮಲೆಯಾಳದ ಕಡೆಯಿಂದ ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಅರಸರು ಅವನನ್ನು ಎದುರ್ಗೊಂಡರು. ಆ ಭೇಟಿಯ ನೆನಪಿಗಾಗಿ 1792ರಲ್ಲಿ ವೀರರಾಜೇಂದ್ರಪೇಟೆಯನ್ನು ಸ್ಥಾಪಿಸಿದರು. ಬೇರೊಬ್ಬ ಅರಸನಾಗಿದ್ದರೆ ಇಂತಹ ನೆನಪಿಗೆ ಒಂದು ಕಲ್ಲುಕಂಬವನ್ನು ನಿಲ್ಲಿಸಿ ಸುಮ್ಮನಾಗುತ್ತಿದ್ದನೇನೋ!

ಪೇಟೆಯೆಂಬುದು ಆ ಕಾಲದ ಕೊಡಗಿನಲ್ಲಿ ಎಂತಹ ನೂತನ ವಸ್ತುವಾಗಿತ್ತೆಂಬುದನ್ನು ಬಯಲುಸೀಮೆಯ ಭಕ್ತರಿಗೆ ಸ್ವಲ್ಪ ವಿವರಿಸಬೇಕು. ಬಯಲುಸೀಮೆಯಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು, ನಡುವೆ ಬೀದಿ, ಊರಬಾಗಿಲು. ಕೊಡಗಿನಲ್ಲಿ ಹಾಗಿಲ್ಲ. ಒಂದೊಂದು ಒಕ್ಕಲಿನ ಐನ್‌ಮನೆಯು ತನ್ನ ಗದ್ದೆಯ ಅಂಚಿನಲ್ಲಿ, ದಿಣ್ಣೆಯ ಮೇಲೆ, ಮರಗಳ ಮರೆಯಲ್ಲಿ ಒಂಟಿಯಾಗಿರುವುದು. ಒಂದು ಮನೆಯ ಕೂಗು ಇನ್ನೊಂದು ಮನೆಗೆ ಕೇಳಿದರೆ ಕೇಳಿತು, ಇಲ್ಲವಾದರೆ ಇಲ್ಲ. ಅಮ್ಮತ್ತಿ ನಾಡಿನ ಹಳೆಯ ಮನೆಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಇಂತಹ ನಾಡಿನಲ್ಲಿ ಅಂಗಡಿಯಿಡುವವನೆಲ್ಲಿ ನಿಲ್ಲಬೇಕು? ಕಮ್ಮಾರನೂ ಅಕ್ಕಸಾಲಿಯೂ ನೇಯುವವನೂ ಎಲ್ಲಿ ಕೂಡಬೇಕು? ಕೊಡಗಿನ ಅಕ್ಕಿಯು ಹೇರೆತ್ತುಗಳ ಮೇಲೆ ಘಟ್ಟವನ್ನಿಳಿದು ಮಲೆಯಾಳಕ್ಕೆ ಹೋಗಬೇಕು, ಅಲ್ಲಿಂದ ಉಪ್ಪು ಮೇಲಕ್ಕೆ ಬರಬೇಕು. ಅರಸರು ಆರಿಸಿದ ಸ್ಥಳವು ಕರಾವಳಿಯಿಂದ ಮೈಸೂರಿನ ಕಡೆಗೆ ಹೋಗುವ ದಾರಿಯಲ್ಲಿ, ಘಟ್ಟವನ್ನು ಹತ್ತಿ ಬಂದವರಿಗೆ ಸಮೀಪವಾಗಿ, ಬೆಟ್ಟದ ಆಶ್ರಯದಲ್ಲಿತ್ತು. ಐಶ್ವರ್ಯವಂತರ ವಿಲಾಸಕ್ಕಲ್ಲ, ಎತ್ತಿನ ಹಿಂದೆ ನಡೆದು ಬಂದವನ ಅನುಕೂಲಕ್ಕೆಂದು ನೋಡಿದ ಸ್ಥಳವದು.

ಊರನ್ನು ಕಟ್ಟುವುದಕ್ಕಿಂತ ಊರಿಗೆ ಜನರನ್ನು ತುಂಬುವುದು ಕಷ್ಟವು. 1784ರಲ್ಲಿ ಟಿಪ್ಪುವು ಕನ್ನಡಜಿಲ್ಲೆಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಯಿಸಿದ್ದನು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವರು ಕೊಡಗಿನ ಗಡಿಯನ್ನು ಸೇರಿದಾಗ ಅರಸರು ಅವರಿಗೆ ಅಭಯವನ್ನಿತ್ತು, ಹೊಸ ಪೇಟೆಯಲ್ಲಿ ನೆಲವನ್ನು ಕೊಟ್ಟು, ಅವರ ದೇವಾಲಯಕ್ಕೂ ಭೂಮಿಯನ್ನು ಬಿಟ್ಟುಕೊಟ್ಟರು. ಸಂತ ಅನ್ನಮ್ಮನವರ ಹೆಸರಿನ ಆ ದೇವಾಲಯವು ಇಂದಿಗೂ ಪೇಟೆಯ ನಡುವೆ ಎತ್ತರವಾಗಿ ನಿಂತಿದೆ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಅರಸರಿಗೆ ಅವರ ಮತವು ತಮ್ಮದಲ್ಲವೆಂಬುದು ಅಡ್ಡಿಯಾಗಲಿಲ್ಲ. ಸೆರೆಯೆಂದರೇನೆಂಬುದನ್ನು ತಾವೇ ಅನುಭವಿಸಿದ್ದವರು, ಸೆರೆಯಿಂದ ಓಡಿಬಂದವರನ್ನು ಗುರುತಿಸಿದರು. ಇಂದು ಪೇಟೆಯಲ್ಲಿರುವ ತೆಲುಗರ ಬೀದಿ, ಜೈನರ ಬೀದಿಯೆಂಬ ಹೆಸರುಗಳನ್ನು ಕೇಳಿದರೆ, ಎಷ್ಟು ಬಗೆಯ ಜನಕ್ಕೆ ಈ ಊರು ಎಡೆಗೊಟ್ಟಿತೆಂಬುದು ತಿಳಿಯುವುದು.

ಅದೇ ವರ್ಷಗಳಲ್ಲಿ, 1792ರಿಂದ 1794ರವರೆಗೆ, ಕಕ್ಕಬ್ಬೆಯ ಬಳಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆಯು ಎದ್ದಿತು. ಕೆತ್ತನೆಯ ಮರಗೆಲಸವೂ ಗೋಡೆಯ ಚಿತ್ರಗಳೂ ಉಳ್ಳ ಎರಡಂತಸ್ತಿನ ಆ ಮನೆಯು ಸುಂದರವೇ ಅಹುದು. ಆದರೆ ಅದರ ಕತ್ತಲೆಕೋಣೆಗಳನ್ನೂ ಅದು ಅಡಗಿರುವ ಕಾಡಿನ ಸಂದಿಯನ್ನೂ ಕಂಡಾಗ, ಪಿರಿಯಾಪಟ್ಟಣವು ಅರಸರ ಮನಸ್ಸಿನಿಂದ ಎಂದಿಗೂ ದೂರವಾಗಲಿಲ್ಲವೆಂದು ತೋರುವುದು. ಎಲ್ಲರಿಗೂ ತೆರೆದ ಪೇಟೆಯನ್ನು ಕಟ್ಟಿದವರೇ ಯಾರಿಗೂ ಸುಲಭವಾಗಿ ಕಾಣದ ಮನೆಯನ್ನು ಕಟ್ಟಿಸಿದರು. 1796ರಲ್ಲಿ ಆ ಅರಮನೆಯಲ್ಲಿಯೇ ಮಹದೇವಮ್ಮಾಜಿಯವರೊಡನೆ ವಿವಾಹವಾಯಿತು. ಮಡಿಕೇರಿಯ ಮಹದೇವಪೇಟೆಯು ಈ ರಾಣಿಯವರ ಹೆಸರನ್ನು ಹೊತ್ತಿದೆ.

1799ರ ಮಾರ್ಚಿಯಲ್ಲಿ ಪಿರಿಯಾಪಟ್ಟಣದ ಸಮೀಪದ ಸಿದ್ಧೇಶ್ವರದಲ್ಲಿ ಟಿಪ್ಪುವಿನ ದಂಡಿಗೂ ಕಂಪನಿಯ ದಂಡಿಗೂ ಕದನವಾದಾಗ ಅರಸರು ಸ್ಥಳದಲ್ಲಿದ್ದರು. ಎರಡು ತಿಂಗಳೊಳಗೆ ಶ್ರೀರಂಗಪಟ್ಟಣವು ಬಿದ್ದಿತು. ಅಲ್ಲಿಗೆ ಹೊರಗಿನ ಭಯವು ತೀರಿತು.

ಒಳಗಿನ ಭಯವು ತೀರಲಿಲ್ಲ. ಗಂಡುಸಂತಾನವಿಲ್ಲದ ವ್ಯಥೆಯೊಂದು, 1807ರಲ್ಲಿ ನಾಲ್ವರು ಹೆಣ್ಣುಮಕ್ಕಳನ್ನು ಬಿಟ್ಟು ಮಹದೇವಮ್ಮಾಜಿಯವರು ಲಿಂಗೈಕ್ಯರಾದುದು ಮತ್ತೊಂದು. ಆ ಮೇಲೆ ಅರಸರ ಚಿತ್ತವು ಸ್ವಾಧೀನದಲ್ಲಿರಲಿಲ್ಲ. ಸಂಶಯವು ಬಲಿತು, ಹತ್ತಿರದ ಸೇವಕರನ್ನೂ ಅಧಿಕಾರಿಗಳನ್ನೂ ಕೊಲ್ಲಿಸಿದರು. ತಿಳಿವು ಮರಳಿದಾಗ ಪರಿತಪಿಸಿದರು. ಸ್ಮರಣಸಂಪುಟದಲ್ಲಿ ಇದನ್ನು ಹೇಳಬೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಸತ್ತವರ ಮನೆಯವರು ಈ ನಾಡಿನವರೇ ಆಗಿದ್ದರು. ಅವರ ದುಃಖವನ್ನು ಮರೆಮಾಚಿ ಅರಸರನ್ನು ಹೊಗಳಿದರೆ ಅದು ಚರಿತ್ರೆಯಾಗದು. ಆ ಕಾಲದಲ್ಲಿಯೇ, 1808ರಲ್ಲಿ, ತಮ್ಮ ವಂಶದ ವೃತ್ತಾಂತವನ್ನು ಕನ್ನಡದಲ್ಲಿ ರಾಜೇಂದ್ರನಾಮೆಯೆಂಬ ಗ್ರಂಥವಾಗಿ ಬರೆಯಿಸಿದರು. ಹಿರಿಯ ಮಗಳು ದೇವಮ್ಮಾಜಿಗೇ ಪಟ್ಟವಾಗಬೇಕೆಂದು ಕಂಪನಿಯವರನ್ನು ಬಹುವಾಗಿ ಕೇಳಿಕೊಂಡರು. 1809ರ ಜೂನ್ 9ರಂದು ಅವರು ಶಿವೈಕ್ಯರಾದರು. ಪಟ್ಟವೇನೋ ದೇವಮ್ಮಾಜಿಗಾಯಿತು, ಆದರೆ 1811ರಲ್ಲಿ ಅರಸರ ತಮ್ಮ ಲಿಂಗರಾಜರು ಅದನ್ನು ತಾವೇ ವಹಿಸಿಕೊಂಡರು.

ಮಡಿಕೇರಿಯ ಗದ್ದುಗೆಯಲ್ಲಿ, ಗುಮ್ಮಟವೂ ನಾಲ್ಕು ಮೂಲೆಗಳಲ್ಲಿ ಗೋಪುರಗಳೂ ಉಳ್ಳ ನಡುವಣ ಕಟ್ಟಡದೊಳಗೆ, ವೀರಶೈವ ವಿಧಿಯಂತೆ ಸಮಾಧಿಸ್ಥರಾದ ಅರಸರೂ ಮಹದೇವಮ್ಮಾಜಿಯವರೂ ಜತೆಯಾಗಿದ್ದಾರೆ. ಅದೇ ಆವರಣದಲ್ಲಿ, ಅವರಿಗಾಗಿ ಕಾದಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಇತ್ತ ವಿರಾಜಪೇಟೆಯಲ್ಲಿ ಸಂತೆಯು ಕೂಡುತ್ತಲೇ ಇದೆ. ಅಮ್ಮತ್ತಿಯವರು ಹೋಗಿ ಬರುತ್ತಲೇ ಇದ್ದಾರೆ.